ಕಡಿಮೆ ದರದ ಸಂತಾನಹರಣ ಶಸ್ತ್ರಚಿಕಿತ್ಸೆ: ಬೋರ್ಡಿನಲ್ಲಿದ್ದದ್ದು 1,500, ಕೈಯಿಂದ ಹೋದದ್ದು 11,540

ಚಿನ್ನಿ ಮನೆ, ಕುವೆಂಪುನಗರ (ಭಾನುವಾರ, ಬೆಳಿಗ್ಗೆ 9.40)

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಾಯಿ, ಬೆಕ್ಕು ಸಾಕಿರುವವರು ಇಲ್ಲಿ ಅನೇಕರಿರುವುದರಿಂದ ನಮಗಾದುದನ್ನು ಲೆಕ್ಕಸಮೇತ ಬರೆಯುತ್ತಿದ್ದೇನೆ. ಯಾವ ಕ್ಲಿನಿಕ್ ಎಂದು ದಯವಿಟ್ಟು ಕೇಳಬೇಡಿ. ಹೆಸರು ಹಾಕಿ ಜಗಳ ಎಬ್ಬಿಸುವುದು ನನ್ನ ಉದ್ದೇಶವಲ್ಲ. ಅಲ್ಲದೆ ಇದರಲ್ಲಿ ನನ್ನ ಪಾಲಿನ ತಪ್ಪೂ ಇದೆ.

ಚಿನ್ನಿ ಬೀದಿಯಿಂದ ಎತ್ತಿಕೊಂಡು ಬಂದು ಸಾಕಿದ ನಾಡತಳಿ ಹೆಣ್ಣು ನಾಯಿ; ಎರಡು ವರ್ಷ, 14 ಕಿಲೋ. ಕ್ಲಿನಿಕ್ಕಿನ ಬಾಗಿಲಲ್ಲಿ ತೂಗುಹಾಕಿದ್ದ ಬೋರ್ಡಿನಲ್ಲಿ ಹೆಣ್ಣು ನಾಯಿಗೆ 1,500 ರೂಪಾಯಿ ಎಂದಿತ್ತು. ಬೆಳಿಗ್ಗೆ ಎಂಟಕ್ಕೆ ಹೋದೆವು. ಹೆಸರು ಬರೆಸಿ ಫೈಲು ಮಾಡಿಸಲು 200. ತೂಕ ಹತ್ತು ಕಿಲೋ ದಾಟಿದ್ದರಿಂದ ಹೆಚ್ಚಿನ ಪ್ರತಿ ಕಿಲೋಗೆ 60ರಂತೆ 240. ಬೆದೆ ಮುಗಿದು ಇನ್ನೂ ತಿಂಗಳಾಗಿಲ್ಲ ಎಂದು ನಾನೇ ಹೇಳಿದ್ದಕ್ಕೆ, ಹಾಗಿದ್ದರೆ ಕೆಲಸ ಜಾಸ್ತಿ ಎಂದು 500. ಸಂಜೆ ಕರೆದುಕೊಂಡು ಹೊರಡುವಾಗ ಕೊರಳಿಗೆ ಹಾಕುವ ಕೋನ್ 350, ನೋವಿನ ಮತ್ತು ಕೀವಾಗದಂತೆ ಕೊಡುವ ಮಾತ್ರೆಗಳು 680. ಅಲ್ಲಿಗೆ 3,470.

ಇನ್ನು ನನ್ನ ತಪ್ಪು. ಬೆಳಿಗ್ಗೆ ಸಹಿ ಹಾಕಿಸಿಕೊಂಡ ಹಾಳೆಯಲ್ಲಿ ರಕ್ತಪರೀಕ್ಷೆ ಬೇಕೇ ಬೇಡವೇ ಎಂಬ ಸಾಲಿತ್ತು, ಅದಕ್ಕೆ 900 ರೂಪಾಯಿ ಪ್ರತ್ಯೇಕ. ಕೌಂಟರಿನಲ್ಲಿದ್ದ ಹುಡುಗ, "ವಯಸ್ಸು ಚಿಕ್ಕದು, ಚೆನ್ನಾಗಿ ಊಟ ಮಾಡುತ್ತಿದೆ ಅಂದರೆ ಅಷ್ಟೇನೂ ಬೇಕಾಗುವುದಿಲ್ಲ" ಎಂದ. ನಾನು "ಬೇಡ" ಎಂಬುದಕ್ಕೆ ಗುರುತು ಹಾಕಿದೆ. ಅದುವರೆಗೆ ಒಂದರ ಮೇಲೊಂದು ಸೇರಿಕೊಂಡಿದ್ದ ಮೊತ್ತಗಳಿಂದ ಸ್ವಲ್ಪ ಸಿಟ್ಟೂ ಬಂದಿತ್ತು. ಎಲ್ಲದಕ್ಕೂ ಹೂಂ ಎಂದು ಕೊನೆಗೆ ಬೇಡವೆಂದದ್ದು ಬೇಡವೆನ್ನಬಾರದಿದ್ದ ಅದೊಂದಕ್ಕೇ.

ರಾತ್ರಿ ಹತ್ತೂವರೆಗೆ ಬ್ಯಾಂಡೇಜು ಒದ್ದೆಯಾಗಿ ಕೆಂಪಾಯಿತು. ತುಟಿ ಎತ್ತಿ ನೋಡಿದರೆ ಒಸಡು ಸುಣ್ಣದಂತೆ ಬಿಳಿ, ಕಿವಿ ತಣ್ಣಗೆ. ಕ್ಲಿನಿಕ್ಕಿನ ಫೋನು ಆಫ್ ಆಗಿತ್ತು. ಬೋರ್ಡಿನ ಪ್ರಕಾರ ಅವರ ಸಮಯ ಏಳಕ್ಕೇ ಮುಗಿದಿರುತ್ತದೆ. ಊರಿನ ಇನ್ನೊಂದು ತುದಿಯಲ್ಲಿ ರಾತ್ರಿಯೂ ತೆರೆದಿರುವ ಖಾಸಗಿ ಪಶು ಆಸ್ಪತ್ರೆಗೆ ಆಟೋದಲ್ಲಿ ಓಡಿದೆವು. ಪ್ಲೇಟ್‌ಲೆಟ್ 38,000 ಎಂದು ಬಂತು, ರಕ್ತ ಹೀರುವ ಉಣ್ಣೆಹುಳುವಿನಿಂದ ಹರಡುವ ಜ್ವರದ ಪರೀಕ್ಷೆ ಪಾಸಿಟಿವ್. ಮತ್ತೆ ಹೊಟ್ಟೆ ತೆರೆಯದೆ ಬಿಗಿಯಾಗಿ ಪಟ್ಟಿ ಸುತ್ತಿ, ಡ್ರಿಪ್ ಹಾಕಿ ಎರಡು ರಾತ್ರಿ ನೋಡಿಕೊಂಡರು. ರಾತ್ರಿಯ ಸಂದರ್ಶನ 600, ಸ್ಕ್ಯಾನ್ 900, ರಕ್ತಪರೀಕ್ಷೆ 850, ಉಣ್ಣೆಜ್ವರದ ಕಿಟ್ 1,100, ಡ್ರಿಪ್ ಮತ್ತು ಔಷಧ 2,350, ಎರಡು ರಾತ್ರಿಯ ವಾಸ 1,400: ಒಟ್ಟು 7,200. ಅನಂತರ ಆ ಜ್ವರಕ್ಕೆ 28 ದಿನದ ಡಾಕ್ಸಿಸೈಕ್ಲಿನ್ ಮಾತ್ರೆ 420, ಮೂರು ಸಲ ಡ್ರೆಸ್ಸಿಂಗ್ 450. ಎಲ್ಲ ಕೂಡಿ 11,540 ರೂಪಾಯಿ.

ಚಿನ್ನಿ ಈಗ ಚೆನ್ನಾಗಿದ್ದಾಳೆ. ನನ್ನ ಪ್ರಶ್ನೆ ಇಷ್ಟೆ: ಇದರಲ್ಲಿ ಯಾವುದು ನ್ಯಾಯವಾದ ಖರ್ಚು, ಯಾವುದು ಮೊದಲೇ ಹೇಳದೆ ಸೇರಿಸಿದ್ದು, ಯಾವುದು ಅವರ ಅಜಾಗ್ರತೆಯಿಂದ ಬಂದದ್ದು? ಮನೆಯಲ್ಲಿ ಒಂದು ಹೆಣ್ಣು ಬೆಕ್ಕೂ ಇದೆ, ಅದಕ್ಕೂ ಮಾಡಿಸಬೇಕು.

ವಿದ್ಯಾನಗರ, ಮಂಡ್ಯ (ಭಾನುವಾರ, ಬೆಳಿಗ್ಗೆ 10.25)

ಮೇಡಂ, ನಾಯಿ ಉಳಿದದ್ದು ಸಂತೋಷ. ಆದರೆ ನಿಮ್ಮ ಶೀರ್ಷಿಕೆ ಓದಿದವರಿಗೆ ಆ ಕ್ಲಿನಿಕ್ಕಿನವರೇ 11,540 ಕಿತ್ತುಕೊಂಡರು ಎನ್ನಿಸುತ್ತದೆ. ನಿಮ್ಮದೇ ಲೆಕ್ಕದಲ್ಲಿ ಅವರಿಗೆ ಸಂದದ್ದು 3,470, ಉಳಿದ 8,070 ಜ್ವರಕ್ಕೂ ರಾತ್ರಿಯ ಆಸ್ಪತ್ರೆಗೂ ಹೋಗಿದೆ. ಉಣ್ಣೆ ಕಚ್ಚಿದ್ದು ಕ್ಲಿನಿಕ್ಕಿನಲ್ಲಲ್ಲ. ಕಟುವಾಗಿ ಹೇಳುತ್ತಿದ್ದೇನೆ ಅನ್ನಿಸಿದರೆ ಕ್ಷಮಿಸಿ.

ನಮ್ಮದು ಹಸು, ಎಮ್ಮೆ ಕಟ್ಟಿದ ಮನೆ. ಹೋರಿಗೆ ಬೀಜ ಒಡೆಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ: ಇಕ್ಕಳದಲ್ಲಿ ಹೊರಗಿನಿಂದಲೇ ನರ ಒತ್ತುತ್ತಾರೆ, ಗಾಯವಿಲ್ಲ, ಹೊಲಿಗೆಯಿಲ್ಲ, ಹೋರಿ ತಾನೇ ನಡೆದುಕೊಂಡು ಕೊಟ್ಟಿಗೆಗೆ ಬರುತ್ತದೆ. ಗಂಡು ನಾಯಿಗೂ ಅಷ್ಟೇ ಎಂದುಕೊಂಡು ಕಳೆದ ವರ್ಷ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಶುಲ್ಕ ನೆನಪಿಡುವಷ್ಟೂ ಇರಲಿಲ್ಲ. ಆದರೆ ಅರಿವಳಿಕೆಯ ಔಷಧ, ಹೊಲಿಗೆಯ ದಾರ, ಕೈಗವಸು, ಸಲೈನ್ ಎಲ್ಲವನ್ನೂ ಚೀಟಿ ಬರೆದುಕೊಟ್ಟು ಹೊರಗಿನಿಂದ ತರಿಸಿದರು, ಒಟ್ಟು ಸಾವಿರದ ನೂರು ಆಯಿತು. ಅದನ್ನು ನಾನು ಮೋಸ ಎನ್ನುವುದಿಲ್ಲ, ಅಂಗಡಿಯ ಬಿಲ್ಲು ನನ್ನ ಕೈಯಲ್ಲೇ ಇತ್ತು.

ನಾವು ಕೆಟ್ಟದ್ದು ಮನೆಗೆ ಬಂದ ಮೇಲೆ. ಅರಿವಳಿಕೆಯ ಅಮಲು ಇಳಿಯದ ನಾಯಿಯನ್ನು ಹಜಾರದ ಗ್ರಾನೈಟ್ ನೆಲದ ಮೇಲೆ ಮಲಗಿಸಿ, ಸೆಕೆಯೆಂದು ಫ್ಯಾನು ಹಾಕಿದೆವು. ಮೈ ತಣ್ಣಗಾಗಿ ಮಧ್ಯರಾತ್ರಿಯವರೆಗೆ ನಡುಗುತ್ತಿತ್ತು. ಕೋನ್ ಯಾಕೆ ಎಂದು ಬಿಟ್ಟಿದ್ದೆವು. ಮೂರನೆಯ ದಿನ ನೆಕ್ಕಿ ನೆಕ್ಕಿ ಹೊಲಿಗೆ ಬಿಚ್ಚಿತು. ಮತ್ತೆ ಹೊಲಿಸಲು ಮತ್ತೆ ಅರಿವಳಿಕೆ, ಮತ್ತೆ ಚೀಟಿ.

ನಿವೃತ್ತ ಪಶುವೈದ್ಯ, ಮೈಸೂರು (ಭಾನುವಾರ, ಮಧ್ಯಾಹ್ನ 12.10)

ಮೂವತ್ತು ವರ್ಷಕ್ಕೂ ಮೀರಿ ಇದೇ ಕೆಲಸ ಮಾಡಿದವನಾದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ಪ್ಲೇಟ್‌ಲೆಟ್ ವಿಷಯ. ಆರೋಗ್ಯವಂತ ನಾಯಿಯ ರಕ್ತದ ಪ್ರತಿ ಮೈಕ್ರೊಲೀಟರಿನಲ್ಲಿ ಸುಮಾರು ಎರಡರಿಂದ ಐದು ಲಕ್ಷ ಪ್ಲೇಟ್‌ಲೆಟ್‌ಗಳಿರುತ್ತವೆ. ಗಾಯದ ಬಾಯಿಗೆ ಮೊದಲು ಅಡ್ಡ ನಿಲ್ಲುವುದು ಅವೇ. ಕಂದು ಬಣ್ಣದ ನಾಯಿಉಣ್ಣೆ ಹರಡುವ ಎರ್ಲಿಕಿಯಾ ಎಂಬ ಸೂಕ್ಷ್ಮಾಣು ಆ ಎಣಿಕೆಯನ್ನು ಇಳಿಸುತ್ತದೆ. ಇದರ ಕಪಟವೆಂದರೆ ಜ್ವರ ಬಂದು ಹೋದ ಮೇಲೆ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ, ನಾಯಿ ಉಂಡು ಆಡಿಕೊಂಡು ಇರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. "ಚೆನ್ನಾಗಿ ಊಟ ಮಾಡುತ್ತಿದೆ" ಎಂಬ ಮಾತು ಇಲ್ಲಿ ಯಾವುದಕ್ಕೂ ಸಾಕ್ಷಿಯಲ್ಲ. ನಮ್ಮ ಕಡೆ ಉಣ್ಣೆಯ ಕಾಟ ವರ್ಷವಿಡೀ ಇರುವುದರಿಂದ, ಬೀದಿಯಿಂದ ಬಂದ ನಾಯಿಗೆ ಚಾಕು ಹಾಕುವ ಮುನ್ನ ಕನಿಷ್ಠ ರಕ್ತಕಣಗಳ ಎಣಿಕೆ ಮಾಡಿಸಬೇಕು ಎಂಬುದು ನನ್ನ ಅಭಿಪ್ರಾಯ. ಅದನ್ನು ಬೇಕಾದರೆ ಮಾಡಿಸಿ ಬೇಡವಾದರೆ ಬಿಡಿ ಎಂಬ ಸಾಲಿಗೆ ಸೇರಿಸಿ, ಬೇಡವೆನ್ನಲು ಕೌಂಟರಿನ ಹುಡುಗ ಸಲಹೆ ಕೊಡುವುದು ತಪ್ಪು. ನಿಮ್ಮ ಗುರುತಿಗಿಂತ ಅವನ ಮಾತು ದೊಡ್ಡ ತಪ್ಪು, ತಾಯಿ.

ಎರಡನೆಯದು ಬೆದೆ. ಬೆದೆಯ ಹೊತ್ತಿನಲ್ಲಿ ಗರ್ಭಕೋಶಕ್ಕೆ ಹರಿಯುವ ರಕ್ತ ಹೆಚ್ಚು, ನಾಳಗಳು ಉಬ್ಬಿರುತ್ತವೆ, ಅಂಗಾಂಶ ಮೆತ್ತಗಿದ್ದು ದಾರ ಬಿಗಿದರೆ ಹರಿಯುತ್ತದೆ. ಆದ್ದರಿಂದ ಬೆದೆ ಕಳೆದು ಎರಡು ಮೂರು ತಿಂಗಳು ಬಿಟ್ಟು ಮಾಡುವುದು ವಾಡಿಕೆ. ತುರ್ತಿಲ್ಲದ ನಾಯಿಗೆ 500 ಹೆಚ್ಚು ತೆಗೆದುಕೊಳ್ಳುವ ಬದಲು "ಎರಡು ತಿಂಗಳು ಬಿಟ್ಟು ಬನ್ನಿ" ಎಂದು ಕಳಿಸಬೇಕಿತ್ತು. ನಿಮ್ಮ ಪಟ್ಟಿಯಲ್ಲಿ ನಾನು ಒಪ್ಪದ ಮೊತ್ತ ಇದೊಂದೇ. ತೂಕಕ್ಕೆ ತಕ್ಕ ದರ ನ್ಯಾಯವಾದದ್ದು, ಏಕೆಂದರೆ ಅರಿವಳಿಕೆಯನ್ನು ತೂಕದ ಮೇಲೆಯೇ ಲೆಕ್ಕ ಹಾಕುತ್ತೇವೆ; ಆದರೆ ಅದನ್ನು ಬೋರ್ಡಿನಲ್ಲೇ ಬರೆಯಲಿ.

ದರ ಹೇಗೆ ಇಳಿಯುತ್ತದೆ ಎಂಬುದನ್ನೂ ತಿಳಿದುಕೊಳ್ಳಿ, ಏಕೆಂದರೆ ಕಡಿಮೆ ದರವೆಂದರೆ ಕಳಪೆ ಎಂದಲ್ಲ. ದಿನಕ್ಕೆ ಹತ್ತು ಹನ್ನೆರಡು ಶಸ್ತ್ರಚಿಕಿತ್ಸೆ ಮಾಡುವವರ ಕೈ ಪಳಗಿರುತ್ತದೆ, ಗಾಯ ಚಿಕ್ಕದಿರುತ್ತದೆ, ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಅಲ್ಲಿ ಉಳಿಯುವುದು ಸಮಯ, ಆ ಉಳಿತಾಯಕ್ಕೆ ನನ್ನ ತಕರಾರಿಲ್ಲ. ಅನಿಲದ ಅರಿವಳಿಕೆ ಬಿಟ್ಟು ಕೆಟಮಿನ್, ಕ್ಸೈಲಜಿನ್ ಚುಚ್ಚುಮದ್ದು ಬಳಸಿದರೂ, ಆರೋಗ್ಯವಾಗಿರುವ ಎಳೆಯ ಪ್ರಾಣಿಗೆ, ಪಕ್ಕದಲ್ಲಿ ಒಬ್ಬರು ಉಸಿರು ಮತ್ತು ನಾಡಿ ನೋಡುತ್ತಿದ್ದರೆ, ಕೆಲಸ ಸಾಗುತ್ತದೆ. ಆದರೆ ಒಂದೇ ಸೆಟ್ ಉಪಕರಣವನ್ನು ಸ್ಟೆರಿಲೈಸ್ ಮಾಡದೆ ನಾಲ್ಕು ನಾಯಿಗೆ ಬಳಸುವುದು, ನೋವಿನ ಔಷಧವನ್ನೇ ಕೊಡದಿರುವುದು, ಎಚ್ಚರವಾಗುವ ಹೊತ್ತಿನಲ್ಲಿ ಹತ್ತಿರ ಯಾರೂ ಇಲ್ಲದಿರುವುದು, ಇವೂ ಖರ್ಚು ಇಳಿಸುವ ದಾರಿಗಳೇ. ಹೊರಗಿನ ಕೋಣೆಯಲ್ಲಿ ಕುಳಿತವರಿಗೆ ಎರಡೂ ಒಂದೇ ದರವಾಗಿ ಕಾಣುತ್ತವೆ.

ಹಾಗಾಗಿ ದರ ಕೇಳುವ ಮೊದಲು, ಶಸ್ತ್ರಚಿಕಿತ್ಸೆ ಮಾಡುವವರು ಯಾರು, ಆಮ್ಲಜನಕದ ಸಿಲಿಂಡರ್ ಇದೆಯೇ, ರಾತ್ರಿ ಏನಾದರೂ ಆದರೆ ಫೋನ್ ಎತ್ತುವವರು ಯಾರು ಎಂದು ಕೇಳಿ. ಹೆಣ್ಣಾದರೆ ತೆಗೆದ ಭಾಗವನ್ನು ತೋರಿಸಿ ಎನ್ನಿ: ಗರ್ಭಕೋಶದ ಎರಡು ಕೊಂಬು, ಎರಡು ಅಂಡಾಶಯ. ಒಳ್ಳೆಯ ವೈದ್ಯರು ಇದಕ್ಕೆ ಮುನಿಸಿಕೊಳ್ಳುವುದಿಲ್ಲ.

ಎರಡು ಬೆಕ್ಕು, ಸರಸ್ವತಿಪುರಂ (ಭಾನುವಾರ, ಮಧ್ಯಾಹ್ನ 1.05)

ಡಾಕ್ಟರ್ ಸಾಹೇಬರು ಕೊನೆಯಲ್ಲಿ ಹೇಳಿದ ಮಾತು ಎರಡು ವರ್ಷ ಹಿಂದೆ ನನಗೆ ಗೊತ್ತಿದ್ದರೆ ಎಷ್ಟೋ ಉಳಿಯುತ್ತಿತ್ತು. ಶಿಬಿರದ ದರದಲ್ಲಿ ಮಾಡಿಸಿದ್ದ ನಮ್ಮ ಹೆಣ್ಣು ಬೆಕ್ಕು ಏಳು ತಿಂಗಳ ನಂತರ ಮತ್ತೆ ರಾತ್ರಿಯೆಲ್ಲ ಕೂಗಲು, ನೆಲದ ಮೇಲೆ ಹೊರಳಲು ಶುರುಮಾಡಿತು. ಒಳಗೆ ಅಂಡಾಶಯದ ಒಂದು ಚೂರು ಉಳಿದಿತ್ತಂತೆ. ಅದನ್ನು ಹುಡುಕಿ ತೆಗೆಯುವ ಎರಡನೆಯ ಶಸ್ತ್ರಚಿಕಿತ್ಸೆಗೆ ಮೊದಲನೆಯದರ ನಾಲ್ಕು ಪಟ್ಟು ಕೊಟ್ಟೆವು. ಬೆದೆಯಲ್ಲಿರುವಾಗಲೇ ಮಾಡಿದರೆ ಆ ಚೂರು ಎದ್ದು ಕಾಣುತ್ತದೆ ಎಂದು, ಮತ್ತೊಮ್ಮೆ ಕೂಗುವವರೆಗೂ ಕಾಯಿಸಿದರು. ನಮ್ಮ ಬೀದಿಯವರು ಈಗಲೂ ಅದನ್ನು ನೆನಪಿಸುತ್ತಾರೆ.

ಚಿನ್ನಿ ಮನೆಯವರು ಬೆಕ್ಕಿಗೆ ಮಾಡಿಸುತ್ತೇನೆ ಎಂದಿದ್ದೀರಿ, ಅದಕ್ಕೆ ಎರಡು ಮಾತು. ಲಸಿಕೆ ಹಾಕಿಸದೆ, ಹತ್ತಾರು ಬೆಕ್ಕು ಸೇರುವ ಜಾಗಕ್ಕೆ ಕರೆದುಕೊಂಡು ಹೋಗಬೇಡಿ. ಪ್ಯಾನ್‌ಲುಕೋಪೇನಿಯ ಎಂಬ ವಾಂತಿಭೇದಿಯ ರೋಗ ಬಟ್ಟೆ, ಪಂಜರ, ಕೈಗಳಿಂದಲೂ ಹರಡುತ್ತದೆ. ವಾರ ಕಳೆದು ಮರಿ ಮಲಗಿದರೆ ಆಪರೇಷನ್ನಿನಿಂದಲೇ ಹೀಗಾಯಿತು ಎಂದು ನಾವು ತಿಳಿಯುತ್ತೇವೆ. ಲಸಿಕೆಯ ಎರಡು ಡೋಸಿನ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ನೋವಿಗೆಂದು ಮನೆಯಲ್ಲಿರುವ ಪ್ಯಾರಸಿಟಮಾಲ್ ಕೊಡಲೇಬೇಡಿ, ಕಾಲುಭಾಗವನ್ನೂ ಕೊಡಬೇಡಿ. ಬೆಕ್ಕಿನ ದೇಹಕ್ಕೆ ಅದನ್ನು ಅರಗಿಸುವ ಶಕ್ತಿಯೇ ಇಲ್ಲ. ಒಂದೇ ಮಾತ್ರೆಗೆ ಒಸಡು ಕಂದು ತಿರುಗಿ, ಮುಖ ಊದಿ, ಪ್ರಾಣ ಹೋಗುತ್ತದೆ. ನಮ್ಮ ಸಂಬಂಧಿಕರ ಮನೆಯಲ್ಲಿ ಹೀಗೆಯೇ ಆಯಿತು. 1,200 ಕೊಟ್ಟು ಆಪರೇಷನ್ ಮಾಡಿಸಿ, ನೋವಿನ ಔಷಧ ಬೇರೆ 300 ಎಂದದ್ದಕ್ಕೆ ಬೇಡವೆಂದು ಬಂದಿದ್ದರು.

ನಿವೃತ್ತ ಪಶುವೈದ್ಯ, ಮೈಸೂರು (ಭಾನುವಾರ, ಮಧ್ಯಾಹ್ನ 1.30)

ಇದನ್ನು ಎಲ್ಲರೂ ಗಮನಿಸಿ. ನಾಯಿಗೆ ಐಬುಪ್ರೊಫೇನ್ ಕೂಡ ಹಾಗೆಯೇ, ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತದೆ. ನೋವಿನ ಔಷಧವನ್ನು ಬಿಲ್ಲಿನಲ್ಲಿ ಬೇರೆಯಾಗಿ ತೋರಿಸಲಿ, ಆದರೆ ಬೇಡ ಎನ್ನುವ ಆಯ್ಕೆಯನ್ನೇ ಕೊಡಬಾರದು.

ಬೀದಿನಾಯಿಗಳ ಊಟದವಳು, ಬೋಗಾದಿ (ಭಾನುವಾರ, ಸಂಜೆ 4.20)

ಇಲ್ಲಿಯವರೆಗೆ ಸಾಕುಪ್ರಾಣಿಯ ಮಾತಾಯಿತು. ಬೀದಿನಾಯಿಗೆ ಸ್ಥಳೀಯ ಸಂಸ್ಥೆಯೇ ಸಂತಾನಹರಣ ಮಾಡಿಸಬೇಕು. 2001ರ ನಿಯಮಗಳ ಜಾಗಕ್ಕೆ ಬಂದ 2023ರ ಪ್ರಾಣಿಗಳ ಜನನ ನಿಯಂತ್ರಣ ನಿಯಮಗಳು ಇದನ್ನು ಹೇಳುತ್ತವೆ, ಹಿಡಿದಲ್ಲಿಗೇ ತಂದು ಬಿಡಬೇಕೆಂದೂ ಹೇಳುತ್ತವೆ. ಶಸ್ತ್ರಚಿಕಿತ್ಸೆ ಆಗಿರುವ ಗುರುತಿಗೆ ಕಿವಿಯ ತುದಿಯಲ್ಲಿ ಒಂದು ಕಚ್ಚು ಹಾಕುತ್ತಾರೆ.

ಅದೇ ನಿಯಮಗಳು ಸಾಕುಪ್ರಾಣಿಯ ಲಸಿಕೆ, ಜಂತುನಾಶಕ, ಸಂತಾನಹರಣದ ಹೊಣೆ ಮಾಲೀಕರದು ಎನ್ನುತ್ತವೆ. ಹೀಗಿದ್ದೂ ನಮ್ಮ ಬಡಾವಣೆಯ ಒಬ್ಬರು ಮನೆಯ ನಾಯಿಯ ಕೊರಳಪಟ್ಟಿ ಬಿಚ್ಚಿ, ಬೀದಿನಾಯಿಯೆಂದು ಹೇಳಿ ಗಾಡಿಗೆ ಹತ್ತಿಸಿದ್ದರು. ವಾಪಸು ಬಂದಾಗ ಕಿವಿ ಕತ್ತರಿಸಿದ್ದಾರೆಂದು ನನ್ನ ಮೇಲೆ ರೇಗಾಡಿದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಪುಕ್ಕಟೆಯೆಂದರೆ ಪೂರ್ತಿ ಪುಕ್ಕಟೆಯೂ ಅಲ್ಲ. ಗಾಡಿ ಬರುವ ದಿನ ನಾಯಿ ಸಿಗಬೇಕು, ಹಿಂದಿನ ರಾತ್ರಿ ಊಟ ಹಾಕಬಾರದು, ಆದರೆ ಬೀದಿಯಲ್ಲಿ ಯಾರೋ ಬಿಸ್ಕತ್ತು ಹಾಕಿಯೇ ಇರುತ್ತಾರೆ. ಹೊಟ್ಟೆಯಲ್ಲಿ ಆಹಾರವಿದ್ದರೆ ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಕಳೆದ ಮಳೆಗಾಲದಲ್ಲಿ ತಂದು ಬಿಟ್ಟ ಎರಡನೆಯ ದಿನಕ್ಕೆ ಒಂದು ಹೆಣ್ಣಿನ ಹೊಲಿಗೆಯಲ್ಲಿ ಹುಳು ಬಿದ್ದಿತ್ತು. ಆ ಚಿಕಿತ್ಸೆಯ ಖರ್ಚು ನನ್ನದೇ ಆಯಿತು, ನಮ್ಮ ಕಾರ್ ಶೆಡ್ಡೇ ವಾರ್ಡಾಯಿತು.

ಪಗ್ ಸಾಕಿದವನು, ವಿಜಯನಗರ (ಭಾನುವಾರ, ಸಂಜೆ 5.45)

ಇದನ್ನೆಲ್ಲ ಓದಿದ ಮೇಲೆ ನನಗೆ ಅನ್ನಿಸುವುದು, ರಾತ್ರಿ ಫೋನ್ ಎತ್ತದ ಇಂಥ ಅಗ್ಗದ ಕ್ಲಿನಿಕ್ಕುಗಳನ್ನು ಮುಚ್ಚಿಸಬೇಕು. ದುಡ್ಡಿಲ್ಲದವರು ಪ್ರಾಣಿ ಸಾಕುವುದೇಕೆ? ನನ್ನ ಪಗ್‌ಗೆ 14,000 ಕೊಟ್ಟು ಮಾಡಿಸಿದೆ, ಒಂದು ಹನಿ ರಕ್ತ ಬರಲಿಲ್ಲ.

ವಿದ್ಯಾನಗರ, ಮಂಡ್ಯ (ಭಾನುವಾರ, ಸಂಜೆ 6.15)

ಸ್ವಾಮಿ, ಒಮ್ಮೆ ನಮ್ಮ ಕಡೆ ಬನ್ನಿ, ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಬೆಳಗಿನ ಹೊತ್ತು ನಡೆಯೋಣ. ಬಾಯಿ ಕಟ್ಟಿದ ಗೊಬ್ಬರದ ಚೀಲದೊಳಗೆ ಕಣ್ಣು ಬಿಡದ ಮರಿಗಳನ್ನು ನಾನು ಎರಡು ಸಲ ಕಂಡಿದ್ದೇನೆ. ಅವುಗಳ ತಾಯಿಯನ್ನು ಸಾಕಿದವರಿಗೆ 14,000 ಎಂದರೆ ಒಂದು ತಿಂಗಳ ದುಡಿಮೆ. 1,500ರ ಬೋರ್ಡು ಇಲ್ಲದಿದ್ದರೆ ಅವರು ನಿಮ್ಮ ಆಸ್ಪತ್ರೆಗೆ ಬರುವುದಿಲ್ಲ, ನಾಲೆಗೆ ಹೋಗುತ್ತಾರೆ.

ಬೆಳಿಗ್ಗೆ ಶೀರ್ಷಿಕೆಯ ಬಗ್ಗೆ ತಕರಾರು ತೆಗೆದವನೂ ನಾನೇ, ಅದಕ್ಕೆ ಕಾರಣವೂ ಇದೇ. 11,540 ಎಂಬ ಅಂಕಿಯನ್ನು ಕಂಡು ಹೆದರಿ ನಾಲ್ಕು ಜನ ಹಿಂದೆಗೆದರೆ ನಷ್ಟ ಆಗುವುದು ಕ್ಲಿನಿಕ್ಕಿಗಲ್ಲ.

ನಿವೃತ್ತ ಪಶುವೈದ್ಯ, ಮೈಸೂರು (ಭಾನುವಾರ, ಸಂಜೆ 7.00)

ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸರಿಯಿದೆ. ಪಗ್‌ನ ಮೂಗು ಮೊಟಕು, ಉಸಿರಿನ ದಾರಿ ಇಕ್ಕಟ್ಟು. ಅದಕ್ಕೆ ಗಂಟಲಿಗೆ ಕೊಳವೆ ಇಳಿಸದೆ, ಪೂರ್ತಿ ಎಚ್ಚರವಾಗುವವರೆಗೂ ಪಕ್ಕದಲ್ಲಿ ಕೂರದೆ ಮಾಡುವುದು ಅಪಾಯ. ಆ ಹಣ ಸಲ್ಲಬೇಕಾದಲ್ಲಿಗೇ ಸಂದಿದೆ. ಹಾಗೆಂದು ಎಂಟು ತಿಂಗಳ ಆರೋಗ್ಯವಂತ ನಾಡನಾಯಿಗೂ ಅಷ್ಟೇ ಬೇಕು ಎನ್ನುವುದು ಸರಿಯಲ್ಲ.

ಮಾಡಿಸದಿದ್ದರೆ ಖರ್ಚೇ ಇಲ್ಲ ಎಂದುಕೊಳ್ಳುವವರಿಗೂ ಒಂದು ಮಾತು. ವಯಸ್ಸಾದ ಹೆಣ್ಣು ನಾಯಿಯ ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರ ಎಂಬ ಕಾಯಿಲೆಯಿದೆ. ಬೆದೆ ಕಳೆದ ಕೆಲವು ವಾರಗಳಲ್ಲಿ ನಾಯಿ ವಿಪರೀತ ನೀರು ಕುಡಿಯುವುದು, ಊಟ ಬಿಡುವುದು, ಕೆಲವು ನಾಯಿಗಳಿಗೆ ಕೆಳಗಿನಿಂದ ಕೀವು ಸೋರುವುದು ಇದರ ಲಕ್ಷಣಗಳು. ಆಗ ಮಾಡುವುದೂ ಇದೇ ಶಸ್ತ್ರಚಿಕಿತ್ಸೆ, ಆದರೆ ನಂಜೇರಿದ ದೇಹದ ಮೇಲೆ, ಅರ್ಧರಾತ್ರಿಯಲ್ಲಿ, ಹಲವು ಪಟ್ಟು ಖರ್ಚಿನಲ್ಲಿ.

ಮುಧೋಳ ನಾಯಿ, ಪಾಂಡವಪುರ (ಭಾನುವಾರ, ರಾತ್ರಿ 8.10)

ನಮ್ಮಲ್ಲಿ ಒಂದೂವರೆ ವರ್ಷದ ಮುಧೋಳ ಗಂಡಿದೆ. ಒಂದು ವೃಷಣ ಮಾತ್ರ ಕೆಳಗಿಳಿದಿದೆ. ಮೈಸೂರಿನ ಒಂದು ಕಡೆ ಗಂಡಿಗೆ 1,000 ಎಂದು ಫೋನಿನಲ್ಲಿ ಹೇಳಿದರು, ನಾಯಿಯನ್ನು ನೋಡಿದ ಮೇಲೆ 5,000 ಎಂದರು. ಇನ್ನೊಂದು ಕಡೆ ಹೆಬ್ಬಾಳಕ್ಕೆ ಹೋಗಿ ಎಂದರು. ನಾನು ಮೈಸೂರಿನ ಹೆಬ್ಬಾಳವೆಂದುಕೊಂಡು ಕೈಗಾರಿಕಾ ಪ್ರದೇಶವನ್ನೆಲ್ಲ ಸುತ್ತಿ ಬಂದೆ, ಅವರು ಹೇಳಿದ್ದು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು. ಅಷ್ಟು ದೂರ ಹೋಗಲು ಬಾಡಿಗೆ ಕಾರೇ ಬೇಕು, ಎಕ್ಸ್‌ಪ್ರೆಸ್ ವೇಯಲ್ಲಿ 2023ರ ಆಗಸ್ಟ್‌ನಿಂದ ಬೈಕಿಗೆ ಪ್ರವೇಶವಿಲ್ಲ. ಐದು ಸಾವಿರ ಕೇಳಿದ್ದು ಮೋಸವೇ?

ನಿವೃತ್ತ ಪಶುವೈದ್ಯ, ಮೈಸೂರು (ಭಾನುವಾರ, ರಾತ್ರಿ 8.40)

ಮೋಸವಲ್ಲ. ಇಳಿಯದ ವೃಷಣ ಹೊಟ್ಟೆಯೊಳಗೋ ತೊಡೆಸಂದಿಯಲ್ಲೋ ಇರುತ್ತದೆ. ಹೊಟ್ಟೆಯೊಳಗಿದ್ದರೆ ಹೆಣ್ಣು ನಾಯಿಯಷ್ಟೇ ದೊಡ್ಡ ಕೆಲಸ. ಹಾಗೆಂದು ಕೆಳಗಿಳಿದದ್ದನ್ನು ಮಾತ್ರ ತೆಗೆಸಿ ಸುಮ್ಮನಾಗಬೇಡಿ, ಒಳಗೆ ಉಳಿದದ್ದು ಮುಂದೆ ಗೆಡ್ಡೆಯಾಗುವ ಸಂಭವ ಹೆಚ್ಚು. ಮುಧೋಳದ ವಿಷಯದಲ್ಲಿ ಇನ್ನೊಂದಿದೆ: ಬೇಟೆನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆಯಿರುವುದರಿಂದ ಥಯೊಪೆಂಟೋನ್ ಎಂಬ ಅರಿವಳಿಕೆ ಕೊಟ್ಟರೆ ಎಚ್ಚರವಾಗುವುದು ಬಹಳ ತಡವಾಗುತ್ತದೆ. ನಿಮ್ಮದು ಮುಧೋಳ ಎಂದು ಮೊದಲೇ ಹೇಳಿ, ಯಾವ ಅರಿವಳಿಕೆ ಎಂದು ಕೇಳಿ. ಹಾಸನದಲ್ಲೂ ಪಶುವೈದ್ಯಕೀಯ ಕಾಲೇಜಿದೆ, ಅದನ್ನೂ ವಿಚಾರಿಸಬಹುದು. ಆಪರೇಷನ್ ಆದ ಮೇಲೂ ಕೆಲವು ವಾರ ಗಂಡಿನಿಂದ ಹೆಣ್ಣು ಗಬ್ಬವಾಗಬಹುದು, ಅದನ್ನು ಹೊರಗೆ ಬಿಡಬೇಡಿ.

ವಕೀಲ, ಮಂಡ್ಯ (ಸೋಮವಾರ, ಬೆಳಿಗ್ಗೆ 8.15)

ಕಾನೂನಿನ ಭಾಗವನ್ನು ಚುಟುಕಾಗಿ ಹೇಳುತ್ತೇನೆ. ಹಣ ಪಡೆದು ಕೊಡುವ ಪಶುವೈದ್ಯಕೀಯ ಸೇವೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಒಳಪಡುತ್ತದೆ, ಪೂರ್ತಿ ಉಚಿತವಾಗಿ ಕೊಟ್ಟದ್ದು ಒಳಪಡುವುದಿಲ್ಲ. ದೂರನ್ನು ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ಕೊಡಬೇಕು. ಸೇವೆಗೆ ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಅರ್ಜಿ ಶುಲ್ಕವಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ಮಾತ್ರಕ್ಕೆ ನಿರ್ಲಕ್ಷ್ಯಕ್ಕೆ ಮಾಫಿ ಸಿಗುವುದಿಲ್ಲ, ಆದರೆ ಶಸ್ತ್ರಚಿಕಿತ್ಸೆಯಲ್ಲಿ ಸಹಜವಾಗಿ ಬರಬಹುದಾದ ತೊಂದರೆಯೆಲ್ಲ ನಿರ್ಲಕ್ಷ್ಯವೂ ಅಲ್ಲ. ಮೇಡಂ ಅವರ ಪ್ರಕರಣದಲ್ಲಿ ರಕ್ತಪರೀಕ್ಷೆ ಬೇಡವೆಂಬ ಗುರುತು ಅವರಿಗೆ ವಿರುದ್ಧವಾಗಿ ನಿಲ್ಲುತ್ತದೆ. ಬೆದೆ ಮುಗಿದು ತಿಂಗಳಾಗದ ನಾಯಿಯೆಂದು ಗೊತ್ತಿದ್ದೇ 500 ಪಡೆದ ರಸೀದಿ ಅವರ ಪರವಾಗಿ. ಆ ರಸೀದಿ ಇದೆಯೇ?

ಮತ್ತೊಂದು: 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ನೋಂದಾಯಿತ ಪಶುವೈದ್ಯರಲ್ಲದವರು ಶಸ್ತ್ರಚಿಕಿತ್ಸೆ ಮಾಡುವಂತಿಲ್ಲ. ನೋಂದಣಿ ಸಂಖ್ಯೆ ಕೇಳುವುದು ಅವಮಾನವಲ್ಲ.

ಚಿನ್ನಿ ಮನೆ, ಕುವೆಂಪುನಗರ (ಸೋಮವಾರ, ರಾತ್ರಿ 9.30)

ರಸೀದಿಯಲ್ಲಿ 500ರ ಮುಂದೆ "ಇತರೆ" ಎಂದಷ್ಟೇ ಇದೆ, ವಕೀಲರೇ. ದೂರು ಕೊಡುವ ಆಲೋಚನೆಯೂ ನನಗಿಲ್ಲ. ಇಂದು ಸಂಜೆ ಕ್ಲಿನಿಕ್ಕಿಗೆ ಹೋಗಿ, ಚಿನ್ನಿಯ ರಕ್ತಪರೀಕ್ಷೆಯ ವರದಿಯನ್ನು ವೈದ್ಯರ ಮೇಜಿನ ಮೇಲಿಟ್ಟೆ. ಅವರು ಮೊದಲು "ನೀವೇ ಬೇಡ ಎಂದಿದ್ದೀರಿ" ಎಂದರು. ಕೌಂಟರಿನಲ್ಲಿ ನಡೆದ ಮಾತನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಹುಡುಗನನ್ನು ಒಳಗೆ ಕರೆಸಿ ನನ್ನೆದುರಿಗೇ ಕೇಳಿದರು. ಅವನು ಇಲ್ಲವೆನ್ನಲಿಲ್ಲ. 500 ವಾಪಸು ಕೊಟ್ಟರು. ರಾತ್ರಿಯ ಫೋನಿನ ಬಗ್ಗೆ ಕೇಳಿದೆ. ತಾವೊಬ್ಬರೇ ಇರುವುದು, ರಾತ್ರಿಯೂ ಎತ್ತಿದರೆ ಬೆಳಿಗ್ಗೆ ಕೈ ನಡುಗುತ್ತದೆ ಎಂದರು. ಅದಕ್ಕೆ ನಾನು ಏನು ಹೇಳಲಿ? ಕೊನೆಗೆ, ರಾತ್ರಿ ತೆರೆದಿರುವ ಎರಡು ಆಸ್ಪತ್ರೆಗಳ ನಂಬರನ್ನು ಬಿಡುಗಡೆ ಚೀಟಿಯ ಮೇಲೆ ಅಚ್ಚು ಹಾಕಿಸಿ ಎಂದು ಕೇಳಿ ಬಂದೆ, ಆಗಲಿ ಎಂದಿದ್ದಾರೆ.

ಬೆಕ್ಕಿನ ಮೊದಲ ಲಸಿಕೆ ನಾಳೆ. ಡಾಕ್ಟರ್ ಸಾಹೇಬರಲ್ಲಿ ಒಂದೇ ಪ್ರಶ್ನೆ ಉಳಿದಿದೆ. ಚಿನ್ನಿಯ ಹೊಲಿಗೆ ಬಿಚ್ಚಿ ಎರಡು ದಿನವಾಯಿತು, ಕೋನ್ ಹಾಕಿದರೆ ಗೋಡೆಗೆ ತಿಕ್ಕುತ್ತಾಳೆ. ತೆಗೆಯಬಹುದೇ? ಸ್ನಾನ ಯಾವಾಗ?

ನಿವೃತ್ತ ಪಶುವೈದ್ಯ, ಮೈಸೂರು (ಸೋಮವಾರ, ರಾತ್ರಿ 9.50)

ಗಾಯದ ಅಂಚು ಕೂಡಿಕೊಂಡು ಒಣಗಿದ್ದರೆ ನೀವು ಎದುರಿಗಿರುವಾಗ ತೆಗೆಯಿರಿ, ರಾತ್ರಿ ಮಾತ್ರ ಇನ್ನೂ ಮೂರು ದಿನ ಹಾಕಿ. ಸ್ನಾನವನ್ನು ಒಂದು ವಾರ ತಡೆಯಿರಿ. ಡಾಕ್ಸಿಸೈಕ್ಲಿನ್ ಅನ್ನು ಊಟದ ಜೊತೆಗೇ ಕೊಡಿ, ಚೆನ್ನಾಗಿದ್ದಾಳೆಂದು ನಡುವೆ ನಿಲ್ಲಿಸಬೇಡಿ; 28 ದಿನ ಮುಗಿದ ಮೇಲೆ ಪ್ಲೇಟ್‌ಲೆಟ್ ಇನ್ನೊಮ್ಮೆ ನೋಡಿಸಿ. ಇನ್ನು ಅವಳ ಹಾಸಿಗೆ, ಬಾಗಿಲ ಸಂದು, ಕಾಂಪೌಂಡಿನ ಬಿರುಕುಗಳಲ್ಲಿ ಉಣ್ಣೆ ಇದೆಯೇ ಎಂದು ಟಾರ್ಚ್ ಹಿಡಿದು ಹುಡುಕಿ. ಅಲ್ಲಿ ಇದ್ದೇ ಇರುತ್ತದೆ.